ಫೇಲಾದ ಆಟ, ನಮ್ಮ ಅಕ್ಕೋರು

ಮಸ್ಕಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಅಕ್ಕೋರು, ಬಜಾರದಲ್ಲಿ ಅಕ್ಕೋರು, ಬಸ್ಸಿನಲ್ಲಿ ಕಂಡಕ್ಟರನ ಬಾಯಲ್ಲೂ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನನ್ನನ್ನೂ ಹಾಗೆಯೇ ಕರೆಯುತ್ತಾರೆ. ಆದರೆ ನಮಗೆಲ್ಲ ಮುಂದೆ ಏನಾದರೊಂದು ಸೇರಿಸಬೇಕು: ಹಿಂದಿ ಅಕ್ಕೋರು, ಪಿ.ಟಿ. ಅಕ್ಕೋರು, ಸಿಂಧನೂರಿನಿಂದ ಬರೋ ಸೈನ್ಸ್ ಅಕ್ಕೋರು. ಆ ಕೊನೆಯವಳು ನಾನು. ಮುಂದೆ ಏನೂ ಇಲ್ಲದೆ ಬರೀ "ಅಕ್ಕೋರು ಬಂದ್ರು" ಎಂದರೆ ಅದು ಅವರೊಬ್ಬರೇ. ಹಾಗಾಗಿ ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದು ಬೇರೆ ಯಾರೋ ಅನ್ನಿಸುತ್ತದೆ.

ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಕುಳ್ಳಗಿನ, ತೆಳ್ಳಗಿನ ಹೆಂಗಸು. ನಡಿಗೆ ಮಾತ್ರ ಆ ಮೈಗೆ ಹೊಂದದಷ್ಟು ಬಿರುಸು. ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ನಾನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಅವರು ಓಣಿಯಿಂದ ಹೊರಬರುವರು. ಅಲ್ಲಿಂದ ಶಾಲೆಯ ತನಕ ಅವರ ಜೊತೆ ನಡೆದರೆ ಪ್ರಾರ್ಥನೆಯಲ್ಲಿ ನನಗೆ ಹಾಡುವ ಉಸಿರು ಉಳಿಯುತ್ತಿರಲಿಲ್ಲ. "ಅಕ್ಕೋರ, ಸ್ವಲ್ಪ ನಿಧಾನ ನಡೀರಿ" ಎಂದರೆ, "ನಿಧಾನ ನಡದ್ರ ನಂಗ ಕಾಲು ನೋಯತಾವ ನೋಡ" ಎನ್ನುತ್ತ ಇನ್ನೂ ಮುಂದೆ ಹೋಗುವರು. ತುರುಬಿನಲ್ಲಿ ಹೂವಿನ ಬದಲು ಕೆಂಪು ಪೆನ್ನು. ಫೋನ್ ಎತ್ತಿದರೆ ಹಲೋ ಇಲ್ಲ, "ಹಾಂ, ಏನಾತು?" ಎಂದೇ ಶುರು, ಫೋನ್ ಮಾಡಿದವರಿಗೆಲ್ಲ ಏನೋ ಆಗಿಯೇ ಇರುತ್ತದೆ ಎಂಬ ಹಾಗೆ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು. ಎಷ್ಟು ಹೊತ್ತು ಒರೆಸಿದರೋ ಅಷ್ಟು ಸಿಟ್ಟು. ಕನ್ನಡಕ ಮೂಗಿನಿಂದ ಇಳಿಯಿತೆಂದರೆ ಇಡೀ ಹತ್ತನೇ ತರಗತಿ ಗಪ್ಪಾಗುತ್ತಿತ್ತು.

ಉತ್ತರ ಪತ್ರಿಕೆ ತಿದ್ದುವಾಗ ಅವರದೊಂದು ಪದ್ಧತಿ. ತಪ್ಪಿಗೆ ತಪ್ಪು ಹಾಕುವರು, ಅದರಲ್ಲಿ ಕರುಣೆ ಇಲ್ಲ. ಆದರೆ ಪತ್ರಿಕೆಯ ಕೊನೆಗೆ ಏನಾದರೂ ಒಂದು ಒಳ್ಳೆಯ ಮಾತು ಬರೆಯದೆ ಅದನ್ನು ಕೆಳಗಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗಿ ಉತ್ತರ ಗೊತ್ತಿಲ್ಲದೆ ಬರೀ ಪ್ರಶ್ನೆಗಳನ್ನೇ ಮುತ್ತಿನಂತಹ ಅಕ್ಷರದಲ್ಲಿ ನಕಲು ಮಾಡಿ ಕೊಟ್ಟಿದ್ದಳು. ಅಕ್ಕೋರು ಸೊನ್ನೆ ಹಾಕಿ ಕೆಳಗೆ ಬರೆದರು: "ಅಕ್ಷರ ಚೆಂದ ಇವೆ. ಮುಂದಿನ ಸಲ ಉತ್ತರವನ್ನೂ ಇದೇ ಅಕ್ಷರದಲ್ಲಿ ಬರಿ."

ಸ್ಟಾಫ್ ರೂಮಿನಲ್ಲಿ ಗಣಿತದ ಸರ್ ಅದನ್ನು ನೋಡಿ ನಕ್ಕರು. "ಏನ್ರೀ ಅಕ್ಕೋರ, ಸೊನ್ನಿಗೂ ಸರ್ಟಿಫಿಕೇಟ್ ಕೊಡಾಕತ್ತೀರಿ?"

"ಅಷ್ಟು ಹೊತ್ತು ಕುಂತು ಬರದಾಳಲ್ರಿ. ಕೊಟ್ಟು ಓಡಿಹೋಗಿಲ್ಲಲ್ಲ," ಎಂದು ಅವರು ಮುಂದಿನ ಪತ್ರಿಕೆ ತೆಗೆದರು.

ಅವರು ಮದುವೆಯಾಗಿರಲಿಲ್ಲ. ಮನೆಯಲ್ಲಿ ತಮ್ಮ ಆನಂದ. ಅವರ ಮೂಲ ಊರು ಪಾಮನಕಲ್ಲೂರು. ಅಪ್ಪ ಕಾಲುವೆಯ ಕೆಲಸಕ್ಕೆ ಹೋಗಿ ಮಗಳನ್ನು ಓದಿಸಿದವರು. ಅವ್ವ, ಅಪ್ಪ ಇಬ್ಬರೂ ತೀರಿಕೊಂಡ ಮೇಲೆ ಅಕ್ಕೋರು ತಮ್ಮನನ್ನು ಮಸ್ಕಿಗೆ ಕರೆದುಕೊಂಡು ಬಂದರು. ಆನಂದನಿಗೆ ಚಿಕ್ಕಂದಿನಿಂದ ಸ್ನಾಯುಗಳು ಸೊರಗುವ ಕಾಯಿಲೆ. ಶಾಲೆಗೆ ಹೋಗುವಾಗಲೇ ಕಾಲು ಸೋತವು. ಆಮೇಲೆ ಗಾಲಿಕುರ್ಚಿ. ನಾನು ಅವನನ್ನು ಮೊದಲು ನೋಡಿದಾಗ ಅವನಿಗೆ ನನ್ನಷ್ಟೇ ವಯಸ್ಸು, ಮೂವತ್ತು ದಾಟಿತ್ತು. ಸಿಂಧನೂರಿನ ಬಸ್ಸು ತಪ್ಪಿ ಅಕ್ಕೋರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಅದರ ಮುಂದೆ ಅವನು. ಮದುವೆ ಕಾರ್ಡು, ಬ್ಯಾನರು, ಶಾಲೆಗಳ ಪ್ರಶ್ನೆ ಪತ್ರಿಕೆ ಟೈಪ್ ಮಾಡಿಕೊಡುವುದು ಅವನ ಕೆಲಸ.

"ನೀವಾ ಸೈನ್ಸ್ ಅಕ್ಕೋರು?" ಎಂದು ಕೇಳಿದ. "ನಿಮ್ಮ ಪ್ರಶ್ನಿ ಪತ್ರಿಕಿ ನಾನಾ ಟೈಪ್ ಮಾಡೀನಿ. ಎರಡು ಪ್ರಶ್ನಿ ತಪ್ಪಿದ್ವು. ತಿದ್ದಿಲ್ಲ. ಹುಡುಗರಿಗೆ ಎರಡು ಮಾರ್ಕ್ಸ್ ಸುಮ್ಮನ ಸಿಗಲಿ ಅಂತ ಬಿಟ್ಟೆ."

ಅಕ್ಕ ಚಹಾ ಸೋಸುತ್ತ ಒಳಗಿನಿಂದಲೇ ಕೂಗಿದರು, "ಆನಂದ, ಬಂದವರಿಗೆ ಕುಂದ್ರು ಅನ್ನು ಮೊದಲ."

ಅವತ್ತೇ ನನಗೆ ಅವನ ಆಟದ ಪರಿಚಯವಾದದ್ದು. ಕಂಪ್ಯೂಟರ್ ಆಟ. ಎಲ್ಲೂ ಇಲ್ಲದ ಒಂದು ದೇಶ. ಅಲ್ಲಿ ಮಾಟಗಾತಿಯರು, ರೆಕ್ಕೆಯ ಹಾವುಗಳು, ಬಿದ್ದ ಕೋಟೆಗಳು. ಆಡುವವನು ಆ ದೇಶಕ್ಕೆ ಬಂದ ಪರದೇಶಿ. ಊರೂರು ಸುತ್ತಿ, ಜನರ ಕಷ್ಟ ಕೇಳಿ, ಕುದುರೆ ಏರಿ, ಕತ್ತಿ ಹಿಡಿದು ಶಾಪಗ್ರಸ್ತ ರಾಜನ ತನಕ ಹೋಗಬೇಕು. ಆಟದ ಹೆಸರು ಬರೆಯುವುದಿಲ್ಲ. ಅದನ್ನು ಮಾಡಿದವರು ಎರಡನೇ ಭಾಗಕ್ಕಾಗಿ ಜಗತ್ತಿನವರಿಂದೆಲ್ಲ ಬೈಸಿಕೊಂಡಿದ್ದಾರೆ, ನನ್ನದೊಂದು ಬೇಡ. ಮೊದಲನೇ ಭಾಗವನ್ನು ಆನಂದ ಮುಗಿಸಿ, ಮತ್ತೆ ಶುರು ಮಾಡಿ, ಮತ್ತೆ ಮುಗಿಸಿ ಇಟ್ಟಿದ್ದ. ಅಲ್ಲಿಯ ಯಾವ ಬಾವಿಯ ಹಿಂದೆ ಯಾವ ದಾರಿ ಇದೆ ಎಂದು ಅವನಿಗೆ ಬಾಯಿಪಾಠ. ಕಥೆ ನಡುವೆ ನಿಂತಿತ್ತು. ಎರಡನೇ ಭಾಗ ಬರುತ್ತದೆ ಎಂದು ಮಾಡಿದವರು ಹೇಳಿದ್ದರು. ಒಂದು ವರ್ಷ ಮುಂದೆ ಹಾಕಿದರು. ಮತ್ತೆ ಮುಂದೆ ಹಾಕಿದರು.

ಆ ನಡುವೆ ಅವನ ಕೈ ಸೋಲತೊಡಗಿದ್ದವು. ಮೊದಲು ಎಡಗೈಯ ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಲಿಂಗಸುಗೂರಿನ ಡಾಕ್ಟರರು ಮುಚ್ಚಿಡದೆ ಹೇಳಿದ್ದರಂತೆ, ಇದು ಹೀಗೇ ಮೇಲೆ ಬರುತ್ತದೆ ಎಂದು. ಆನಂದ ಅದನ್ನು ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ. "ಎರಡನೇ ಭಾಗ ಬರೋತನಕ ಈ ಬಲಗೈ ಒಂದು ನಿಂತ್ರ ಆತು, ಅಕ್ಕೋರ. ಆಮ್ಯಾಲ ಬೇಕಾದ್ರ ಹೋಗಲಿ." ಅವನು ಹೀಗೆಂದಾಗ ಅಕ್ಕ ಕನ್ನಡಕ ತೆಗೆಯುತ್ತಿರಲಿಲ್ಲ. ಎದ್ದು ಒಳಗೆ ಹೋಗುತ್ತಿದ್ದರು.

ಕೊನೆಗೂ ಆಟ ಬರುವ ದಿನ ಗೊತ್ತಾಯಿತು. ಅವನ ಹಳೆಯ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ, ಒಳಗೆ ಚಿತ್ರ ಮೂಡಿಸುವ ಒಂದು ಹೊಸ ಕಾರ್ಡು ಹಾಕಿಸಬೇಕು, ಅದಕ್ಕೆ ಸಿಂಧನೂರಿಗೇ ಹೋಗಬೇಕು. ಒಂದು ಭಾನುವಾರ ಅಕ್ಕೋರು ಆ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ನಾನು ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಇಳಿಯುವಾಗ ಕಂಡಕ್ಟರ್ ನಗುತ್ತಿದ್ದ. "ಕೂಸಿಗೆ ಅರ್ಧ ಟಿಕೆಟ್ ತಗೋಬೇಕಾಗಿತ್ತು ನೋಡ್ರಿ ಅಕ್ಕೋರ." ಅವರು ಗಂಭೀರವಾಗಿ, "ಮೂರು ವರ್ಷದೊಳಗಿಂದೈತಪ್ಪ, ಟಿಕೆಟ್ ಇಲ್ಲ," ಎಂದರು. ಅಂಗಡಿಯವನು ಯಾವ ಕೆಲಸಕ್ಕೆ ಇಷ್ಟು ಜೋರಿನ ಕಾರ್ಡು ಎಂದು ಕೇಳಿದ. ಟೈಪಿಂಗಿಗೆ ಎನ್ನುತ್ತಾರೆಂದು ನಾನು ಅಂದುಕೊಂಡೆ. "ನಮ್ಮ ಆನಂದ ಆಟ ಆಡಬೇಕು," ಎಂದರು, ಮಗುವಿಗೆ ಹುಷಾರಿಲ್ಲ ಎಂದು ಔಷಧಿ ಕೇಳುವವರ ಹಾಗೆ.

ಆಟ ಬಂದ ದಿನ ಸಂಜೆ ನಾನು ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಆನಂದ ಗಡ್ಡ ತೆಗೆಸಿಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ. ಅಕ್ಕೋರು ಶಾವಿಗೆ ಪಾಯಸ ಮಾಡಿದ್ದರು. ಆಟ ಶುರುವಾಯಿತು. ದೊಡ್ಡ ಆಕಾಶ, ಹಿಮದ ಬೆಟ್ಟ, ವಾದ್ಯದ ಸದ್ದು. "ನೋಡಕ್ಕ, ನೋಡು," ಎಂದು ಅವನು ಹುಡುಗನಾಗಿದ್ದ. ಅಕ್ಕೋರು ಪರದೆ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು.

ಒಂದು ವಾರ ಕಳೆದ ಮೇಲೆ ಶಾಲೆಯ ದಾರಿಯಲ್ಲಿ ಅವರ ನಡಿಗೆ ನನ್ನ ನಡಿಗೆಯಷ್ಟೇ ಇತ್ತು. "ಏನಾತ್ರಿ ಅಕ್ಕೋರ?" ಎಂದೆ.

"ಆಟ ಚೊಲೋ ಇಲ್ಲಂತ," ಎಂದರು. "ಉಣ್ಣವಲ್ಲ. ಮಾತಾಡವಲ್ಲ. ಗ್ವಾಡಿ ಕಡಿ ಮುಖ ಮಾಡಿ ಮಲಗ್ಯಾನ."

ಅಂದು ಸಂಜೆ ನಾನೂ ಹೋದೆ. ಆನಂದ ಕುರ್ಚಿಯಲ್ಲಿ ಕೂತಿದ್ದ, ಆದರೆ ಆಟ ಆಡುತ್ತಿರಲಿಲ್ಲ. ಆಟ ಮಾರುವ ಪುಟದಲ್ಲಿ ಆಡಿದವರೆಲ್ಲ ತಮ್ಮ ಅಭಿಪ್ರಾಯ ಬರೆದಿದ್ದರು. ಮುಗಿಯದಷ್ಟು ಉದ್ದ, ಹೆಬ್ಬೆರಳು ಕೆಳಗೆ ಮಾಡಿದ ಕೆಂಪು ಗುರುತುಗಳು. ಅವನು ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳಿದ. ನಾವು ಕಾದ ವರ್ಷಗಳನ್ನು ವಾಪಸ್ ಕೊಡಿ ಎಂದು ಒಬ್ಬ. ಊರುಗಳು ದೊಡ್ಡವು, ಮಾತಾಡುವ ಜನ ಇಲ್ಲ, ಎಲ್ಲರ ಬಾಯಲ್ಲೂ ಒಂದೇ ವಾಕ್ಯ ಎಂದು ಇನ್ನೊಬ್ಬ. ನನ್ನ ಕುದುರೆ ಮರದೊಳಗೆ ಸಿಕ್ಕಿಕೊಂಡಿದೆ, ನಾಲ್ಕೂ ಕಾಲು ಹೊರಗಿವೆ ಎಂದು ಮತ್ತೊಬ್ಬ. ಅದಕ್ಕೆ ನಾನು ನಕ್ಕೆ, ಅವನು ನಗಲಿಲ್ಲ. ಇದು ಆಟವೇ ಅಲ್ಲ, ಬರೀ ನಡೆಯುವುದು, ಒಂದು ಊರಿನಿಂದ ಇನ್ನೊಂದಕ್ಕೆ ನಡೆಯುವುದು, ಬೇರೇನೂ ಇಲ್ಲ ಎಂದು ಬಹಳ ಜನ ಬರೆದಿದ್ದರು.

"ಎಲ್ಲಾರೂ ಖರೇನಾ ಬರದಾರ," ಎಂದ ಆನಂದ. "ಕಥಿ ಅರ್ಧಕ್ಕ ನಿಂತೈತಿ. ರಾಜ ಏನಾದ ಅಂತ ಹೇಳೇ ಇಲ್ಲ. ಮಾರಿ ರೊಕ್ಕ ತಗೊಂಡು ಕೈ ತೊಳಕೊಂಡಾರ."

ಆ ಸಾಲಿನಲ್ಲಿ ಅವನದೂ ಒಂದು ಅಭಿಪ್ರಾಯ ಇತ್ತು. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದು, ಸಮಾಧಾನವಾಗದೆ ಕೊನೆಗೆ ಕನ್ನಡದಲ್ಲೂ ಒಂದು ಸಾಲು ಹಾಕಿದ್ದ. ಅಕ್ಕೋರು ಚಹಾದ ತಟ್ಟೆ ಹಿಡಿದು ಅವನ ಹಿಂದೆ ನಿಂತಿದ್ದರು. ಇಂಗ್ಲಿಷ್ ಅವರು ನಿಧಾನ ಓದುವವರು, ಕನ್ನಡದ ಸಾಲು ಮಾತ್ರ ತಟ್ಟನೆ ಕಣ್ಣಿಗೆ ಬಿತ್ತು: "ಇದನ್ನು ಮಾಡಿದವರ ಕೈ ಬಿದ್ದುಹೋಗಲಿ."

ತಟ್ಟೆಯನ್ನು ಮೇಜಿನ ಮೇಲಿಟ್ಟು ಅಕ್ಕೋರು ಕನ್ನಡಕ ತೆಗೆದರು. ಒರೆಸುತ್ತ ನಿಂತರು. ಅಷ್ಟು ಹೊತ್ತು ಅವರು ಒರೆಸಿದ್ದನ್ನು ನಾನು ಯಾವ ತರಗತಿಯಲ್ಲೂ ನೋಡಿಲ್ಲ.

"ಆನಂದ, ಅದನ್ನ ತಗಿ."

"ಯಾಕ ತಗೀಲಿ?"

"ಯಾರ ಕೈನೂ ಬೀಳಬಾರದು. ತಗಿ."

"ನನ್ನವು ಬೀಳಾಕತ್ತಾವಲ್ಲ!" ಅವನು ಕೂಗಿದ. ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇದನ್ನ ಆಡಬೇಕಂತನಾ ಈ ಕೈ ಕಾದಿಟ್ಟಿದ್ನಿ. ಬ್ಯಾರೆ ಕೆಲಸ ಕಡಿಮಿ ಮಾಡಿ ಕಾದಿಟ್ಟಿದ್ನಿ. ಇನ್ನೊಂದು ಆಟ ಬರೋದ್ರಾಗ ಕೈಬಟ್ಟು ಏಳೂದಿಲ್ಲ. ಅವರಿಗೇನು ಗೊತ್ತೈತಿ?"

ನಾನು ಎದ್ದು ಹೋಗುವುದೋ ಕೂರುವುದೋ ತಿಳಿಯದೆ ಚಹಾದ ಲೋಟ ಹಿಡಿದುಕೊಂಡಿದ್ದೆ. ಅಕ್ಕೋರು ಕನ್ನಡಕ ಹಾಕಿಕೊಂಡು, ಅಡುಗೆ ಮನೆಯ ಮರದ ಸ್ಟೂಲು ತಂದು ತಮ್ಮನ ಕುರ್ಚಿಯ ಪಕ್ಕ ಹಾಕಿ ಕೂತರು. ಅವನ ಕೈಯನ್ನು ಮೆಲ್ಲಗೆ ಎತ್ತಿ ಅವನ ತೊಡೆಯ ಮೇಲಿಟ್ಟು ಮೌಸನ್ನು ತಾವು ಹಿಡಿದುಕೊಂಡರು. ಅಲ್ಲಿಯ ತನಕ ಅವರು ಕಂಪ್ಯೂಟರನ್ನು ಮುಟ್ಟಿದ್ದೆಂದರೆ ಧೂಳು ಒರೆಸಲು ಮಾತ್ರ.

"ತೋರಸು," ಎಂದರು. "ಏನು ಕೆಟ್ಟೈತಿ, ಎಷ್ಟು ಕೆಟ್ಟೈತಿ, ತೋರಸು. ಪೂರಾ ನೋಡಲಾರದ ಸೊನ್ನಿ ಹಾಕಬಾರದು."

"ನಿಂಗ ಬರೂದಿಲ್ಲಕ್ಕ."

"ನಿಂಗ ಬರತೈತಲ್ಲ. ನೀ ಹೇಳು, ನಾ ಮಾಡತೀನಿ."

ಹಾಗೆ ಶುರುವಾಯಿತು. ಆ ಮಳೆಗಾಲದಿಂದ ಚಳಿಯ ತನಕ, ಶಾಲೆ ಬಿಟ್ಟ ಮೇಲೆ ದಿನಾ ಅವರ ಆಟ. ನನ್ನ ಬಸ್ಸಿಗೆ ಸಮಯ ಇದ್ದಾಗಲೆಲ್ಲ ನಾನೂ ಕೂರುತ್ತಿದ್ದೆ. ಅಕ್ಕೋರಷ್ಟು ಕೆಟ್ಟದಾಗಿ ಆಡುವವರನ್ನು ನಾನು ನೋಡಿಲ್ಲ. ಮುಂದೆ ಹೋಗು ಎಂದರೆ ಹಿಂದೆ ಹೋಗುವರು. ಸೇತುವೆ ಬಿಟ್ಟು ನದಿಗೆ ಇಳಿಯುವರು. ಮಾತಾಡಿಸು ಎಂದರೆ ಗುಂಡಿ ತಪ್ಪಿ ಕತ್ತಿ ಬೀಸುವರು, ಬೀಸಿದ ಮೇಲೆ, "ಅಯ್ಯ ತಪ್ಪಾತಪ್ಪಾ, ನೋಡಿದ್ದಿಲ್ಲ," ಎಂದು ಪರದೆಗೆ ಕೈ ಮುಗಿಯುವರು. ಆ ಆಟದಲ್ಲಿ ಯಾರ ಮನೆಗಾದರೂ ನುಗ್ಗಿ ಪೆಟ್ಟಿಗೆ ತೆಗೆದು ಸಿಕ್ಕಿದ್ದನ್ನು ಎತ್ತಿಕೊಳ್ಳಬಹುದು, ಎಲ್ಲರೂ ಹಾಗೇ ಆಡುವುದು. ಅಕ್ಕೋರು ಬಾಗಿಲಲ್ಲೇ ನಿಲ್ಲುವರು.

"ಒಳಗ ಹೋಗಕ್ಕ."

"ಯಾರ ಮನಿ ಇದು?"

"ಯಾರದೂ ಅಲ್ಲ, ಆಟದ್ದು."

"ಒಲಿ ಮ್ಯಾಲ ಗಡಿಗಿ ಐತಿ. ಯಾರೋ ಅದಾರ. ಕೇಳಲಾರದ ಹೆಂಗ ಹೋಗೂದು?"

ಆನಂದ ಹಣೆ ಚಚ್ಚಿಕೊಳ್ಳಲಾರದೆ ನನ್ನ ಕಡೆ ನೋಡುವನು. ಊರಿನವರೆಲ್ಲ ಒಂದೇ ವಾಕ್ಯ ಹೇಳುತ್ತಾರೆ ಎಂದು ಜನ ಬೈದಿದ್ದರಲ್ಲ, ಅದು ನಿಜವೇ. ಎದುರು ಬಂದವರೆಲ್ಲ, ಗಾಳಿ ಬಹಳ ತಂಪು ಇವತ್ತು ಎನ್ನುವರು. ಆನಂದ ಅನುವಾದಿಸಿ ಹೇಳಿದ ಮೇಲೆ ಅಕ್ಕೋರು ಪ್ರತಿಯೊಬ್ಬರಿಗೂ, "ಹೌದ್ರಿ, ಭಾಳ ತಂಪೈತಿ," ಎಂದು ಉತ್ತರ ಕೊಡುವರು. ಮುದುಕಿಗೆ, ಕಾವಲಿನವನಿಗೆ, ಮತ್ತೆ ಅದೇ ಮುದುಕಿಗೆ. ಮೊದಮೊದಲು ಅವನು ಅಸಹ್ಯದಿಂದ ನಗುತ್ತಿದ್ದ. ಆಮೇಲೆ ಹಾಗೇ ನಗತೊಡಗಿದ. ಒಂದು ಸಂಜೆ ನಾನು ಓಣಿಗೆ ತಿರುಗುವಾಗಲೇ ಅವನ ನಗು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಅಕ್ಕೋರ ಕುದುರೆ ಒಂದು ಮನೆಯ ಮಾಳಿಗೆ ಮೇಲೆ ನಿಂತಿದೆ, ಅವರು ಅದನ್ನು, "ಬಾರವ್ವ, ಇಳಿಯವ್ವ," ಎಂದು ಬೇಡಿಕೊಳ್ಳುತ್ತಿದ್ದಾರೆ.

ಆ ಬಿರುಸಿನ ನಡಿಗೆಯ ಹೆಂಗಸು ಆಟದಲ್ಲಿ ಮಾತ್ರ ಬಹಳ ನಿಧಾನ ನಡೆಯುತ್ತಿದ್ದರು. ಓಡುವ ಗುಂಡಿ ಒತ್ತಲು ಬೆರಳು ಸಿಗುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಆನಂದನಿಗೆ ಅವಸರ, ಮುಂದಿನ ಯುದ್ಧಕ್ಕೆ ಹೋಗಬೇಕು. ಅಕ್ಕ ಬಂಡೆ ನೋಡುವರು, ಹಳ್ಳ ನೋಡುವರು. "ಇದು ನಮ್ಮ ಗುಡ್ಡದಂಗ ಐತಲ್ಲೋ, ಶಾಸನದ ಬಂಡಿ ಕಡಿಯಿಂದ ನೋಡಿದಂಗ," ಎನ್ನುವರು. ಪ್ರತಿ ವರ್ಷ ಮಕ್ಕಳ ಸಾಲು ಕಟ್ಟಿಕೊಂಡು ಆ ಅಶೋಕನ ಶಾಸನ ತೋರಿಸಲು ಹೋಗುತ್ತಿದ್ದವರು ಅವರು. ಮಸ್ಕಿಯಲ್ಲೇ ಇದ್ದರೂ ಆ ಗುಡ್ಡ ಹತ್ತದವನು ಆನಂದ.

ಒಂದು ಸಂಜೆ ಅವರು ದಾರಿ ತಪ್ಪಿ ಒಂದು ಹೊಲಕ್ಕೆ ಇಳಿದರು. ಗೋಧಿಯಂತಹದೇನೋ ಎದೆಮಟ್ಟ ಬೆಳೆದು ನಿಂತಿತ್ತು. ಆಟದಲ್ಲಿ ಅಲ್ಲಿ ಯಾವ ಕೆಲಸವೂ ಇಲ್ಲ, ಶತ್ರುವಿಲ್ಲ, ನಿಧಿಯಿಲ್ಲ. "ವಾಪಸ್ ಬಾ, ಅದು ಖಾಲಿ," ಎಂದ ಆನಂದ. ಅಕ್ಕೋರಿಗೆ ವಾಪಸ್ ಬರಲು ಬರಲಿಲ್ಲ. ಒಳಗೊಳಗೇ ಹೋದರು. ಹೊತ್ತು ಮುಳುಗುತ್ತಿತ್ತು, ಆಟದಲ್ಲೂ, ನಮ್ಮ ಕಿಟಕಿಯಲ್ಲೂ.

"ನಿಂದ್ರಕ್ಕ," ಎಂದ ಅವನು ಇದ್ದಕ್ಕಿದ್ದಂತೆ. "ಹಿಂದ ತಿರುಗು."

ಅವರು ಹೇಗೋ ತಿರುಗಿಸಿದರು. ಪರದೇಶಿ ನಡೆದು ಬಂದ ಕಡೆ ದಂಟುಗಳು ಬಾಗಿದ್ದವು. ನಾವು ನೋಡುತ್ತಿದ್ದಂತೆ ಒಂದೊಂದಾಗಿ, ಒಂದು ಮೊದಲು, ಇನ್ನೊಂದು ತಡವಾಗಿ, ನೆಟ್ಟಗಾದವು. ಕೆಲವು ಆಗಲಿಲ್ಲ, ಮುರಿದು ಬಿದ್ದಿದ್ದವು.

"ಮತ್ತ ನಡಿ. ಮೆಲ್ಲಕ."

ಅಕ್ಕೋರು ನಡೆದರು. ದಂಟುಗಳು ಪರದೇಶಿಯ ಮೈಗೆ ತಾಗಿ ಸರಿಯುತ್ತಿದ್ದವು. ಕಿವಿಗೊಟ್ಟರೆ ಒಣ ಎಲೆಯ ಸದ್ದು ಇತ್ತು. ಕಾಲ ಕೆಳಗೆ ಮಣ್ಣಿನ ಸದ್ದು ಬೇರೆ, ಹುಲ್ಲಿನ ಸದ್ದು ಬೇರೆ. ಆನಂದ ಕತ್ತು ಮುಂದೆ ಚಾಚಿ ಕೂತಿದ್ದ.

"ಕಾಲಿಗೆ ಹತ್ತಿದಂಗಾತು," ಎಂದ.

ಸಿಂಧನೂರಿನ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ನಾನು ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕೋರು ಕೇಳಿದರು, "ಬರೀ ನಡಿಯೂದು ಐತಿ ಅಂತ ಬೈದಿದ್ರಲ್ಲ, ಇದಕ್ಕೇನು?"

"ಹೂಂ."

"ಯಾರೋ ಒಬ್ಬರು ಕುಂತು ಇದೊಂದು ಹೊಲ ಮಾಡ್ಯಾರ ನೋಡು. ಉಳಿದಿದ್ದೆಲ್ಲ ಗಡಿಬಿಡ್ಯಾಗ ಕೆಡಿಸ್ಯಾರ. ಇದೊಂದು ಕೆಡಿಸಿಲ್ಲ."

ಮಾರನೆಯ ದಿನ ಅವನು ತನ್ನ ಅಭಿಪ್ರಾಯ ಅಳಿಸಿದ. ಹೊಸದು ಬರೆಯಬೇಕೆಂದ. ಅಷ್ಟರಲ್ಲಿ ಬಲಗೈಯೂ ಟೈಪ್ ಮಾಡುವಷ್ಟು ಉಳಿದಿರಲಿಲ್ಲ, ಫೋನಿಗೆ ಬಾಯಲ್ಲಿ ಹೇಳಿದ. ಅಕ್ಕೋರು ಪಕ್ಕದಲ್ಲಿ ಕೂತು ತಿದ್ದಿದರು. ಹೆಬ್ಬೆರಳು ಮೇಲೆ ಮಾಡಬೇಕೋ ಕೆಳಗೆ ಮಾಡಬೇಕೋ ಎಂಬುದರ ಮೇಲೆ ಅವರಿಬ್ಬರಿಗೂ ಜಗಳ.

"ಮ್ಯಾಲ ಮಾಡೋ. ಪಾಸ್ ಮಾಡು ಪಾಪ."

"ಫೇಲಾ ಅಕ್ಕ ಇದು. ಕಥಿ ಎಲ್ಲೈತಿ? ರಾಜ ಎಲ್ಲಿ ಹೋದ? ನೀನಾದ್ರ ಪಾಸ್ ಮಾಡತಿದ್ದೇನು?"

ಅಕ್ಕೋರು ಯೋಚಿಸಿದರು. "ಇಲ್ಲ," ಎಂದು ಒಪ್ಪಿಕೊಂಡರು. "ಫೇಲ್ ಮಾಡು. ಆದ್ರ ಕೆಳಗ ಬರಿ."

ಅವನು ಬರೆದದ್ದು ಸುಮಾರು ಹೀಗಿತ್ತು. ಆಟ ಚೆನ್ನಾಗಿಲ್ಲ. ಕಥೆ ಮುಗಿದಿಲ್ಲ, ಜನರಿಗೆ ಮಾತು ಕೊಟ್ಟಿಲ್ಲ, ಕುದುರೆಗೆ ಬುದ್ಧಿ ಇಲ್ಲ. ಆದರೆ ದಕ್ಷಿಣದ ಕೋಟೆಯ ಹಿಂದೆ ಹಳ್ಳ ದಾಟಿದರೆ ಒಂದು ಹೊಲ ಇದೆ. ಅಲ್ಲಿ ಓಡಬೇಡಿ, ನಡೆಯಿರಿ. ನಾನು ಹುಡುಗನಾಗಿದ್ದಾಗಿನಿಂದ ನಡೆದಿಲ್ಲ. ಈಗ ಕೈಯೂ ಇಲ್ಲ, ನನ್ನ ಅಕ್ಕ ನಡೆಸಿದಳು. ಆ ಹೊಲ ಮಾಡಿದವರು ಯಾರೋ ಗೊತ್ತಿಲ್ಲ, ಅವರ ಕೈ ಚೆನ್ನಾಗಿರಲಿ.

ಅದನ್ನು ಇಂಗ್ಲಿಷಿಗೆ ತಿರುಗಿಸಿದವಳು ನಾನು. ಮಾಡಿದವರಿಂದ ಯಾವ ಉತ್ತರವೂ ಬರಲಿಲ್ಲ. ಒಬ್ಬಿಬ್ಬರು ಗೇಲಿ ಮಾಡಿದರು. ಆದರೆ ಯಾರೋ ಒಬ್ಬ, ಯಾವ ಹಳ್ಳ, ಎಲ್ಲಿ ದಾಟಬೇಕು ಎಂದು ಕೇಳಿದ. ಆನಂದ ದಾರಿ ಹೇಳಿದ. ಕೆಲವು ದಿನ ಬಿಟ್ಟು ಅವನು ಬಂದು, ಹೋಗಿದ್ದೆ, ನಡೆದೆ, ತುಸು ಹೊತ್ತು ಅಲ್ಲೇ ನಿಂತಿದ್ದೆ ಎಂದಷ್ಟು ಬರೆದ. ಆಮೇಲೆ ಇನ್ನೊಬ್ಬರು. ಹೊಲಕ್ಕೆ ಹೋಗಿ ಬಂದವರು ಹಾಗೆ ಒಬ್ಬೊಬ್ಬರಾಗಿ ಆ ಪುಟದಲ್ಲಿ ಹೇಳಿ ಹೋಗತೊಡಗಿದರು. ಅಕ್ಕೋರು ದಿನಾ ಬೆಳಿಗ್ಗೆ ದಾರಿಯಲ್ಲಿ ನನಗೆ ಸುದ್ದಿ ಕೊಡುವರು, "ನಿನ್ನಿ ಮತ್ತೊಬ್ಬರು ಬಂದು ಹೋಗ್ಯಾರ ನೋಡ," ಎಂದು, ಮನೆಗೆ ಬೀಗರು ಬಂದು ಹೋದ ಹಾಗೆ. ನಡಿಗೆ ಮತ್ತೆ ಬಿರುಸಾಗಿತ್ತು.

ಹೋದ ಬೇಸಿಗೆಯಲ್ಲಿ, ರಜೆ ಶುರುವಾಗುವ ಮುಂಚೆ, ಶಾಲೆಯ ವರಾಂಡದಲ್ಲಿ ಅವರು ಎದೆ ಹಿಡಿದುಕೊಂಡು ಕೂತರು. "ಏನಾತ್ರಿ?" ಎಂದು ನಾನು ಓಡಿದೆ. "ಏನಿಲ್ಲ, ಸ್ವಲ್ಪ ಕುಂದರತೀನಿ," ಎಂದರು. ಗಾಡಿ ತರಿಸಿ ಲಿಂಗಸುಗೂರಿಗೆ ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ತುರುಬಿನ ಪೆನ್ನು ಚುಚ್ಚುತ್ತಿತ್ತು, ತೆಗೆದು ಕೈಯಲ್ಲಿ ಹಿಡಿದುಕೊಂಡೆ. ದಾರಿಯಲ್ಲಿ ಒಮ್ಮೆ ಕಣ್ಣು ತೆರೆದು, "ಆನಂದಗ ಈಗಾ ಹೇಳಬ್ಯಾಡ್ರಿ, ಉಂಡ ಮ್ಯಾಲ ಹೇಳ್ರಿ," ಎಂದರು. ಲಿಂಗಸುಗೂರು ಮುಟ್ಟುವ ಮೊದಲೇ ಹೋಗಿಬಿಟ್ಟರು. ನಿವೃತ್ತಿಗೆ ಇನ್ನೂ ಒಂದು ವರ್ಷ ಇತ್ತು.

ಆನಂದ ಈಗಲೂ ಅದೇ ಮನೆಯಲ್ಲಿದ್ದಾನೆ. ಅವನನ್ನು ಎತ್ತಲು ತಮಗೆ ಆಗುತ್ತಿಲ್ಲ ಎಂದು ಅಕ್ಕೋರು ಮೊದಲೇ ಪಾಮನಕಲ್ಲೂರಿನಿಂದ ಚಿಗವ್ವನ ಮಗಳು ಶಾಂತವ್ವನನ್ನು ಕರೆಸಿಕೊಂಡಿದ್ದರು. ಗಂಡನಿಲ್ಲದವಳು, ಗಟ್ಟಿ ಹೆಂಗಸು. ಅವಳೇ ನೋಡಿಕೊಳ್ಳುತ್ತಾಳೆ. ಅವನು ಬಾಯಲ್ಲಿ ಹೇಳಿ ಮದುವೆ ಕಾರ್ಡು ಮಾಡುತ್ತಾನೆ. ಫೋನು ಒಮ್ಮೊಮ್ಮೆ ವರನನ್ನು ಬರ ಎಂದು ಬರೆಯುತ್ತದಂತೆ. ವಾರದಲ್ಲಿ ಒಂದೆರಡು ಸಂಜೆ ನಾನು ಹೋಗಿ ಮೌಸ್ ಹಿಡಿಯುತ್ತೇನೆ. ನಾನು ಅಕ್ಕೋರಿಗಿಂತ ಎಷ್ಟೋ ಚೆನ್ನಾಗಿ ಆಡುತ್ತೇನೆ. ಅದು ಅವನಿಗೆ ಅಷ್ಟಾಗಿ ಹಿಡಿಸುವುದಿಲ್ಲ. "ಎದುರಿನವರು ಮಾತಾಡಿಸಿದ್ರ ಉತ್ತರಾ ಕೊಡ್ರಿ ಅಕ್ಕೋರ, ಹಂಗಾ ಹೋಗಬ್ಯಾಡ್ರಿ," ಎನ್ನುತ್ತಾನೆ. ನಾನು ನಿಂತು, ಹೌದ್ರಿ, ಬಹಳ ತಂಪು ಎನ್ನುತ್ತೇನೆ.

ಇದೆಲ್ಲ ಆಮೇಲಿನ ಮಾತು. ಅವರು ಹೋದ ವಾರದಲ್ಲಿ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಅಂಗಳದಲ್ಲಿ ಪೆಂಡಾಲು, ಮೇಜಿನ ಮೇಲೆ ಹಾರ ಹಾಕಿದ ಫೋಟೊ. ಸಿಂಧನೂರಿನಿಂದ, ಲಿಂಗಸುಗೂರಿನಿಂದ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಹೆಡ್‌ಮಾಸ್ತರರು ಅವರ ಸೇವೆ, ಶಿಸ್ತು, ಸರಳತೆ ಎಲ್ಲ ಹೇಳಿದರು. ಸೊನ್ನೆ ತೆಗೆದುಕೊಂಡ ಆ ಹುಡುಗಿ ಈಗ ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸು, ಮೈಕಿನ ತನಕ ಬಂದು, ಫೋಟೊಗೆ ಕೈ ಮುಗಿದು ಇಳಿದಳು. ನಾನೂ ಏನೋ ಮಾತಾಡಿದೆ. ಏನೆಂದು ನೆನಪಿಲ್ಲ.

ಶಾಂತವ್ವ ಆನಂದನ ಕುರ್ಚಿಯನ್ನು ಮುಂದೆ ತಂದು ನಿಲ್ಲಿಸಿದ್ದಳು. ಅವನು ಮಾತಾಡುತ್ತಾನೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ ಅವನೇ ನನ್ನ ಕಡೆ ನೋಡಿ ಕಣ್ಣಿನಿಂದ ಮೈಕು ತೋರಿಸಿದ. ನಾನು ಅದನ್ನು ತಂದು ಅವನ ಬಾಯಿಯ ಹತ್ತಿರ ಹಿಡಿದೆ.

"ನಮ್ಮಕ್ಕ ಆಟ ಭಾಳ ಕೆಟ್ಟ ಆಡತಿದ್ಲು," ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು. ಯಾವ ಆಟ ಎಂದು ಅಲ್ಲಿ ನನ್ನ ಹೊರತು ಗೊತ್ತಿದ್ದವಳು ಶಾಂತವ್ವ ಒಬ್ಬಳೇ.

"ನದ್ಯಾಗ ಬೀಳತಿದ್ಲು. ದಾರಿ ತಪ್ಪತಿದ್ಲು. ನಾ ಬೈತಿದ್ನಿ. ನಕ್ಕು ಮತ್ತ ನಡೀತಿದ್ಲು. ಶಾಲಿ ಕೆಲಸ ಮುಗಿಸಿ, ನನ್ನ ಮೈ ತೊಳದು, ಅಡಗಿ ಮಾಡಿ, ಕುಂತು ಆಡತಿದ್ಲು. ನಾ ಸಾಕು ಅನ್ನೋತನಕ ಒಂದು ದಿನಾನೂ ಎದ್ದು ಹೋಗಿಲ್ಲ."

ಮುಗಿಯಿತೆಂದುಕೊಂಡು ನಾನು ಮೈಕನ್ನು ಹಿಂದಕ್ಕೆ ತೆಗೆದೆ. ಅವನು ತಲೆ ಅಲ್ಲಾಡಿಸಿದ. ಮತ್ತೆ ಹತ್ತಿರ ಹಿಡಿದೆ.

"ನಾ ಇನ್ನೂ ಸಾಕು ಅಂದಿದ್ದಿಲ್ರಿ," ಎಂದ.